ಖಾನಾವಳಿ ಊಟದಲ್ಲಿ ರೊಟ್ಟಿ ಎಣಿಸಿ ಕೊಡುವುದು ಸರಿಯೇ?

ಪ್ರಶ್ನೆ (ನವನಗರ, ಬಾಗಲಕೋಟೆ)

ಎಲ್ಲರಿಗೂ ಶರಣು. ನವನಗರದಲ್ಲಿ ಸರಕಾರಿ ಕಚೇರಿಗಳ ಸಮೀಪ ನಮ್ಮದೊಂದು ಸಣ್ಣ ಖಾನಾವಳಿ ಇದೆ. ಬೆಳಿಗ್ಗೆ ಉಪ್ಪಿಟ್ಟು, ಅವಲಕ್ಕಿ, ಸೂಸಲ ಮತ್ತು ಮಿರ್ಚಿ ಭಜಿ ಮಾಡುತ್ತೇವೆ. ಮಧ್ಯಾಹ್ನ ಜೋಳದ ರೊಟ್ಟಿ, ಒಂದು ಕಾಳುಪಲ್ಯ, ಒಂದು ತರಕಾರಿ ಪಲ್ಯ, ಶೇಂಗಾ ಹಿಂಡಿ, ಮೊಸರು, ಅನ್ನ, ಸಾರು. ರಾತ್ರಿ ಊಟವಿಲ್ಲ. ನನ್ನ ಹೆಂಡತಿ ಮತ್ತು ವೈನಿ ರೊಟ್ಟಿ ಬಡಿಯುತ್ತಾರೆ, ನಾನು ನೀಡುತ್ತೇನೆ. ಊಟಕ್ಕೆ 70 ರೂಪಾಯಿ ಇಟ್ಟು, ಇದುವರೆಗೆ ಹೊಟ್ಟೆ ತುಂಬುವಷ್ಟು ರೊಟ್ಟಿ ಹಾಕುತ್ತ ಬಂದಿದ್ದೇವೆ.

ಈಗ ಶೇಂಗಾ ಎಣ್ಣೆ, ಜೋಳ ಮತ್ತು 19 ಕಿಲೋ ಸಿಲಿಂಡರಿನ ಖರ್ಚು ಸೇರಿದರೆ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುತ್ತಿಲ್ಲ. ಅಕ್ಕಪಕ್ಕದವರು ಊಟಕ್ಕೆ ಎರಡೇ ರೊಟ್ಟಿ ಎಂದು ಗೊತ್ತುಮಾಡಿ, ಮೇಲಿನದಕ್ಕೆ ಬೇರೆ ಹಣ ಹಿಡಿಯುತ್ತಿದ್ದಾರೆ. ನಮಗೂ ಹಾಗೆ ಮಾಡಲು ಹೇಳುವವರಿದ್ದಾರೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಮನೆಗಳು ಮುಳುಗಡೆಯಾದವೆಂದು ಕಟ್ಟಿದ ಊರು ಇದು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾದ ಮೇಲೆ ಕಚೇರಿಗಳೂ ಇಲ್ಲಿ ನೆಲೆಯಾದವು. ಹಾಗಾಗಿ ನಮ್ಮಲ್ಲಿ ಉಣ್ಣುವವರಲ್ಲಿ ಬಹಳ ಮಂದಿ ಭೂಮಿಯ ಪರಿಹಾರದ ಕಾಗದ ಹಿಡಿದುಕೊಂಡು ನಸುಕಿನ ಬಸ್ಸಿಗೆ ಹಳ್ಳಿಯಿಂದ ಬಂದವರು. ಅಂಥವರ ತಾಟಿನ ಮುಂದೆ ನಿಂತು ರೊಟ್ಟಿ ಎಣಿಸಲು ನನಗೆ ಮನಸ್ಸು ಬಾರದು. ಅನುಭವ ಇದ್ದವರು ದಾರಿ ತಿಳಿಸಬೇಕು.

ಉತ್ತರ (ವಿಜಯಪುರ)

ನಾನು ಬಹಳ ವರ್ಷ ಖಾನಾವಳಿ ನಡೆಸಿದವನು. ರೊಟ್ಟಿ ಎಣಿಸಬೇಡಿರಿ. ಕಿಲೋ ಹಿಟ್ಟಿಗೆ ನಮ್ಮ ಅಳತೆಯ ರೊಟ್ಟಿ 10ರಿಂದ 12 ಆಗುತ್ತಿದ್ದವು. ಒಬ್ಬರು ಒಂದು ರೊಟ್ಟಿ ಹೆಚ್ಚು ಉಂಡರೆ ಹಿಟ್ಟಿನ ಲೆಕ್ಕದಲ್ಲಿ ಹೋಗುವುದು ನಾಲ್ಕೈದು ರೂಪಾಯಿ ಮಾತ್ರ. ಹಣ ಸೋರುವುದು ಎಣ್ಣೆಯಲ್ಲಿ, ಮಧ್ಯಾಹ್ನ ಮೂರಕ್ಕೆ ಉಳಿದುಹೋಗುವ ಅನ್ನ ಮತ್ತು ಪಲ್ಯದಲ್ಲಿ, ಹಾಗೂ ಹಳೆಯ ಹಿಟ್ಟಿನಲ್ಲಿ.

ಹಿಟ್ಟಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದನ್ನು ಬಹಳ ಜನ ಗಮನಿಸುವುದಿಲ್ಲ. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿ ಇಲ್ಲ. ಕುದಿಯುವ ಎಸರು ಬಿದ್ದಾಗ ಹಿಟ್ಟಿನ ಪಿಷ್ಟ ಅರಳಿ ಬರುವ ಜಿಗಿಯೇ ರೊಟ್ಟಿಯನ್ನು ಹಿಡಿದಿಡುತ್ತದೆ. ಬೀಸಿ ಬಹಳ ದಿನ ಇಟ್ಟ ಹಿಟ್ಟಿಗೆ ಆ ಜಿಗಿ ಬರುವುದಿಲ್ಲ. ಬಡಿಯುವಾಗ ಅಂಚು ಸೀಳುತ್ತದೆ, ಎತ್ತುವಾಗ ನಡುವೆ ಹರಿಯುತ್ತದೆ, ಹಂಚಿನ ಮೇಲೆ ಉಬ್ಬುವುದಿಲ್ಲ. ಹಾಗೆ ಕೆಟ್ಟ ರೊಟ್ಟಿಗಳ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಆದ್ದರಿಂದ ಹಿಂಗಾರಿ ಜೋಳದ ಸುಗ್ಗಿ ಮುಗಿದು ಎಪಿಎಂಸಿಗೆ ಮಾಲು ಬರುವ ಕಾಲಕ್ಕೆ ಒಳ್ಳೆಯ ಮಾಲದಂಡಿ ಜೋಳವನ್ನು ವರ್ಷಕ್ಕಾಗುವಷ್ಟು ಕೊಂಡು, ಬಿಸಿಲಿಗೆ ಒಣಗಿಸಿ, ಬೇವಿನ ಎಲೆ ಹಾಕಿ ಇಡಿರಿ. ಗಿರಣಿಗೆ ಮೂರು ನಾಲ್ಕು ದಿನಕ್ಕೆ ಬೇಕಾದಷ್ಟನ್ನೇ ಒಯ್ಯಿರಿ.

ಉತ್ತರ (ಗೋಕಾಕ)

ವಿಜಯಪುರದ ಅಣ್ಣನವರು ಹೇಳಿದ ನಾಲ್ಕೈದು ರೂಪಾಯಿಯಲ್ಲಿ ಹಿಟ್ಟು ಬಂತು, ಬಡಿಯುವವರ ಕೂಲಿ ಬರಲಿಲ್ಲ. ನಾನು ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು. ಹನ್ನೊಂದಕ್ಕೆ ಹಂಚಿನ ಮುಂದೆ ಕುಳಿತರೆ ಮೂರರವರೆಗೆ ಏಳುವಂತಿಲ್ಲ. ಪ್ರತಿ ಉಂಡಿಯನ್ನೂ ಅಂಗೈಯ ಬುಡದಿಂದ ತಿಕ್ಕಿ ನಾದಬೇಕು, ತಿರುಗಿಸುತ್ತ ಬಡಿಯಬೇಕು, ಹಂಚಿಗೆ ಹಾಕಿ ಒದ್ದೆ ಅರಿವೆಯಿಂದ ನೀರು ಸವರಬೇಕು, ಆ ನೀರು ಆರುವ ಹೊತ್ತಿಗೆ ಸರಿಯಾಗಿ ಮಗ್ಗಲು ಬದಲಿಸಬೇಕು. ಸಂಜೆಗೆ ಬಲಗೈಯ ಮಣಿಕಟ್ಟು ಮತ್ತು ಭುಜ ಹಿಡಿದುಕೊಳ್ಳುತ್ತವೆ.

ಅಣ್ಣನವರೇ, ಉಣ್ಣುವವರ ಮುಂದೆ ರೊಟ್ಟಿ ಎಣಿಸುವುದು ಬೇಡ, ಆದರೆ ನಿಮ್ಮ ವೈನಿಯವರ ಮತ್ತು ಹೆಂಡತಿಯವರ ಹೆಸರಿಗೆ ಎಣಿಸಿರಿ. ದಿನಕ್ಕೆ ಎಷ್ಟು ಬಡಿದರು ಎಂಬುದನ್ನು ವಹಿಯಲ್ಲಿ ಬರೆದು, ಹೊರಗಿನವಳಾದ ನನಗೆ ಕೊಡುವಂತೆ ಅವರಿಗೂ ಕೂಲಿ ಹಿಡಿಯಿರಿ. ಆ ಕೂಲಿಯನ್ನು ಸೇರಿಸಿದ ಮೇಲೆಯೇ ನಿಮ್ಮ ಊಟದ ನಿಜವಾದ ಬೆಲೆ ನಿಮಗೆ ತಿಳಿಯುತ್ತದೆ. ಇನ್ನೊಂದು ಮಾತು: ಮೊದಲ ಎರಡು ಬಿಸಿ ರೊಟ್ಟಿ ನೀಡಿ, ಅದರ ಮೇಲೆ ಬೇಕಾದವರಿಗೆ ಖಡಕ್ ರೊಟ್ಟಿಯ ಬುಟ್ಟಿ ಇಡಿರಿ. ಅದನ್ನು ಗದ್ದಲವಿಲ್ಲದ ಹೊತ್ತಿನಲ್ಲಿ ಮಾಡಿಡಬಹುದು, ಇಲ್ಲವೇ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಂದ ಕೊಳ್ಳಬಹುದು. ಹಳ್ಳಿಯವರು ಅದನ್ನು ಮುರಿದು ಪಲ್ಯದ ರಸದಲ್ಲಿ ನೆನೆಸಿ ಸಂತೋಷದಿಂದ ಉಣ್ಣುತ್ತಾರೆ.

ಉತ್ತರ (ನವನಗರ)

ನಾನು ಇಲ್ಲಿನ ಕಚೇರಿಯೊಂದರಲ್ಲಿ ಕೆಲಸ ಮಾಡುವವನು. ದಿನವೂ ಖಾನಾವಳಿಯಲ್ಲಿಯೇ ಊಟ. 2017ರಲ್ಲಿ ಇಂದಿರಾ ಕ್ಯಾಂಟೀನ್ ಆರಂಭವಾದಾಗ ನಾಷ್ಟಾಕ್ಕೆ 5, ಊಟಕ್ಕೆ 10 ರೂಪಾಯಿ ಎಂದು ಗೊತ್ತಾಯಿತು. ಸರಕಾರ ಖರ್ಚು ಹೊರುವ ಆ ದರದೊಡನೆ ನೀವು ಸ್ಪರ್ಧಿಸಲಾರಿರಿ, ಸ್ಪರ್ಧಿಸಬೇಕಾಗಿಯೂ ಇಲ್ಲ. ಬಿಸಿ ರೊಟ್ಟಿಗಾಗಿ ಬರುವ ನಮ್ಮಂಥ ಸಂಬಳದಾರರು 10 ರೂಪಾಯಿ ಹೆಚ್ಚಿಗೆ ಕೊಡಲು ಹಿಂದೆಗೆಯುವುದಿಲ್ಲ. ನಾಷ್ಟಾದ ದರವನ್ನು ಮಾತ್ರ ಏರಿಸದಿರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆ. ಗೋಕಾಕದ ಅಕ್ಕನವರ ಮಾತನ್ನು ಮನೆಯಲ್ಲಿ ಓದಿ ತೋರಿಸಿದೆ. ಇಬ್ಬರಿಗೂ ಕೂಲಿ ಹಿಡಿಯುವುದೆಂದು, ಊಟಕ್ಕೆ 80 ರೂಪಾಯಿ ಮಾಡುವುದೆಂದು, ನಾಷ್ಟಾದ ದರ ಇದ್ದಂತೆ ಇಡುವುದೆಂದು ಮೂವರೂ ಕೂಡಿ ಒಪ್ಪಿಕೊಂಡೆವು. ಖಡಕ್ ರೊಟ್ಟಿ ಮಳೆಗಾಲದಲ್ಲಿ ಮೆತ್ತಗಾಗುತ್ತದೆ, ಅದಕ್ಕೆ ಏನು ಮಾಡಬೇಕು ಅಕ್ಕಾ?

ಉತ್ತರ (ಗೋಕಾಕ)

ಪೂರ್ತಿ ಆರಿದ ಮೇಲೆಯೇ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿರಿ. ಆದರೂ ಮೆತ್ತಗಾದರೆ ಎಣ್ಣೆ ಹಚ್ಚದೆ, ಸಣ್ಣ ಉರಿಯ ಹಂಚಿನ ಮೇಲೆ ಅರಿವೆಯಿಂದ ಒತ್ತಿ ಎರಡೂ ಮಗ್ಗಲು ಬಿಸಿ ಮಾಡಿರಿ, ಮತ್ತೆ ಗರಿಗರಿಯಾಗುತ್ತದೆ.