ಗರಡಿಯಿಂದ ಜಿಯು-ಜಿಟ್ಸುವಿಗೆ: ಅಂಗಾತ ಬೀಳುವ ಭಯವನ್ನು ಬಿಡಿಸಿಕೊಳ್ಳುವುದು ಹೇಗೆ?

ಪ್ರಶ್ನೆ – ಗರಡಿಯವನು

ಹದಿನೈದನೆಯ ವಯಸ್ಸಿನಿಂದ ಎಂಟು ವರ್ಷ ಮೈಸೂರಿನ ಗರಡಿಯೊಂದರಲ್ಲಿ ಸಾಮು ಮಾಡಿದವನು ನಾನು. ಕೆಲಸದ ನಿಮಿತ್ತ ಬೆಂಗಳೂರಿಗೆ ಬಂದ ಮೇಲೆ, ಏಳು ತಿಂಗಳಿಂದ ವಾರಕ್ಕೆ ಮೂರು ದಿನ ಬ್ರೆಜಿಲಿಯನ್ ಜಿಯು-ಜಿಟ್ಸು ತರಗತಿಗೆ ಹೋಗುತ್ತಿದ್ದೇನೆ. ನಿಂತು ಹಿಡಿಯುವಾಗ ನನಗೆ ಕಷ್ಟವಿಲ್ಲ. ನನಗಿಂತ ಭಾರವಿರುವವರನ್ನೂ ಕಾಲಿಗೆ ಕೈಹಾಕಿ ಕೆಡವುತ್ತೇನೆ. ಆದರೆ ನಾನೇ ಕೆಳಗೆ ಸಿಕ್ಕಿಕೊಂಡಾಗ, ಬೆನ್ನು ಮಣ್ಣು ಮುಟ್ಟಿದರೆ ಸೋತಂತೆ ಎಂದು ಉಸ್ತಾದರು ಕಲಿಸಿದ್ದು ಬುದ್ಧಿಗಿಂತ ಮೊದಲು ಮೈಯಲ್ಲಿ ಎಚ್ಚರಗೊಂಡು, ಬೋರಲಾಗಿ ತಿರುಗಿಬಿಡುತ್ತೇನೆ. ಮರುಕ್ಷಣವೇ ಎದುರಾಳಿ ಬೆನ್ನೇರಿ, ಎರಡೂ ಕಾಲುಗಳನ್ನು ನನ್ನ ತೊಡೆಗಳಿಗೆ ಸಿಕ್ಕಿಸಿ, ಕುತ್ತಿಗೆಗೆ ತೋಳು ಸುತ್ತುತ್ತಾನೆ. ನಿನ್ನೆ ಒಂದೇ ತರಗತಿಯಲ್ಲಿ ನಾಲ್ಕು ಬಾರಿ ಹೀಗೆಯೇ ಟ್ಯಾಪ್ ಮಾಡಬೇಕಾಯಿತು, ಅಂದರೆ ಕೈ ತಟ್ಟಿ ಸೋಲೊಪ್ಪಬೇಕಾಯಿತು. ಅದರಲ್ಲಿ ಒಮ್ಮೆ ಮನಸ್ಸೊಪ್ಪದೆ ತಡಮಾಡಿದ್ದರಿಂದ ಕಣ್ಣಿಗೆ ಕತ್ತಲೆ ಕವಿಯಿತು. ಗಾರ್ಡ್ ಆಡಿ, ಅಂದರೆ ಅಂಗಾತವಾಗಿಯೇ ಇದ್ದು ಕಾಲುಗಳಿಂದ ಎದುರಾಳಿಯನ್ನು ತಡೆಯಿರಿ ಎಂದು ಕೋಚ್ ಹೇಳುತ್ತಲೇ ಇದ್ದಾರೆ. ಕುಸ್ತಿಯಿಂದ ಬಂದವರು ಈ ಅಭ್ಯಾಸವನ್ನು ಹೇಗೆ ತಿದ್ದಿಕೊಂಡಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ – ಪರ್ಪಲ್ ಬೆಲ್ಟ್, ಒಂಬತ್ತನೆಯ ವರ್ಷ

ನಿಮ್ಮ ಮೈ ಕುಸ್ತಿಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದೆ. ಮಟ್ಟಿಯಲ್ಲಿ ಬೋರಲಾದವನನ್ನು ಮಗುಚಿ ಚಿತ್ ಮಾಡುವ ಕಷ್ಟ ಮೇಲಿನವನದು. ಇಲ್ಲಿ ಅವನಿಗೆ ಮಗುಚುವ ಅಗತ್ಯವೇ ಇಲ್ಲ. ಸ್ಪರ್ಧೆಯಲ್ಲಿ ಅಂಕ ಕೊಡುವ ಕ್ರಮವನ್ನು ನೋಡಿ: ಕೆಡವಿದ್ದಕ್ಕೆ 2, ಕಾಲುಗಳ ತಡೆಯನ್ನು, ಅಂದರೆ ಗಾರ್ಡನ್ನು ದಾಟಿದ್ದಕ್ಕೆ 3, ಎದೆಯ ಮೇಲೆ ಕುಳಿತರೆ 4, ಬೆನ್ನೇರಿ ಎರಡೂ ಕಾಲು ಸಿಕ್ಕಿಸಿ 3 ಸೆಕೆಂಡು ಉಳಿದರೂ 4. ನೀವು ತಿರುಗಿದಾಗಲೆಲ್ಲ ಈ ಆಟದ ಅತ್ಯಂತ ಬೆಲೆಯುಳ್ಳ ಜಾಗವನ್ನು ಎದುರಾಳಿಗೆ ಒಪ್ಪಿಸಿದಂತಾಗುತ್ತದೆ. ದಂಡ, ಬಸ್ಕಿ ಹೊಡೆದು ಬೆಳೆಸಿದ ಕುತ್ತಿಗೆಯೂ ಅಲ್ಲಿ ನೆರವಿಗೆ ಬಾರದು; ಆ ಪಟ್ಟು ಒತ್ತುವುದು ಕುತ್ತಿಗೆಯ ಎರಡೂ ಪಕ್ಕಗಳ ರಕ್ತನಾಳಗಳನ್ನು, ಸರಿಯಾಗಿ ಕೂತರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ.

ತಿರುಗುವುದನ್ನು ನಿಲ್ಲಿಸಬೇಡಿ, ದಿಕ್ಕನ್ನು ಬದಲಿಸಿ. ಎದುರಾಳಿ ಪಕ್ಕದಿಂದ ಎದೆಯ ಮೇಲೆ ಅಡ್ಡಲಾಗಿ ಬಿದ್ದಾಗ ಒಂದು ಮುಂಗೈಯನ್ನು ಅವನ ಕುತ್ತಿಗೆಗೂ ಇನ್ನೊಂದನ್ನು ಸೊಂಟಕ್ಕೂ ಊರುಗೋಲಿನಂತೆ ಕೊಡಿ. ಅವನನ್ನು ದೂಡಲು ಹೋದರೆ ತೋಳು ನೀಳವಾಗಿ ಅದೇ ಅವನಿಗೆ ಸಿಗುತ್ತದೆ, ಆದ್ದರಿಂದ ಮೊಣಕೈ ಮಡಚಿಯೇ ಇರಲಿ. ಬಳಿಕ ಪಾದ ಊರಿ, ಸೊಂಟವನ್ನು ಹಿಂದಕ್ಕೆ ಜಾರಿಸಿ, ಅವನ ಕಡೆಗೇ ಮುಖಮಾಡಿ ಮಗ್ಗುಲಾಗಿ. ಉಂಟಾದ ಸಂದಿನಲ್ಲಿ ಮೊಣಕಾಲು ತೂರಿದರೆ ಗಾರ್ಡ್ ಮರಳಿ ಬಂದಂತೆ. ತರಗತಿಯ ಆರಂಭದಲ್ಲಿ ಮ್ಯಾಟಿನ ಈ ತುದಿಯಿಂದ ಆ ತುದಿಯವರೆಗೆ ಸೊಂಟ ಜಾರಿಸುತ್ತಾ ಹೋಗಲು ಹೇಳುತ್ತಾರಲ್ಲ, ಅದು ಮೈ ಬಿಸಿಮಾಡುವ ಕಸರತ್ತೆಂದು ಮೊದಲ ವರ್ಷವಿಡೀ ನಾನು ಉದಾಸೀನ ಮಾಡಿದ್ದೆ. ಅದೇ ಈ ಚಲನೆ.

ಜೊತೆಗಾರರೊಬ್ಬರನ್ನು ಒಪ್ಪಿಸಿ, ಪ್ರತಿ ಸುತ್ತನ್ನೂ ನೀವು ಕೆಳಗೆ ಸಿಕ್ಕಿಕೊಂಡ ಸ್ಥಿತಿಯಿಂದಲೇ ಆರಂಭಿಸಿ. ಮೊಣಕಾಲು ಒಳಗೆ ಬಂದರೆ ನೀವು ಗೆದ್ದಿರಿ, ಬೋರಲಾದರೆ ಸೋತಿರಿ. ಬೇರೆ ಲೆಕ್ಕ ಬೇಡ. ಮನೆಗೆ ಹೋದ ಮೇಲೆ ಎಷ್ಟು ಸಲ ಟ್ಯಾಪ್ ಮಾಡಿದಿರಿ ಎಂದು ಬರೆದಿಡುವುದಕ್ಕಿಂತ, ತಿರುಗುವ ಮುನ್ನ ನಿಮ್ಮ ಯಾವ ಕೈ ಬಿಟ್ಟುಹೋಗಿತ್ತು ಎಂಬುದನ್ನು ಬರೆದಿಡಿ. ನನ್ನ ವಿಷಯದಲ್ಲಿ ಅದು ಪ್ರತಿ ಬಾರಿಯೂ ಕುತ್ತಿಗೆಯ ಬಳಿಯ ಕೈಯೇ ಆಗಿತ್ತು.

ಉತ್ತರ – ಬ್ಲೂ ಬೆಲ್ಟ್, ನಾನೂ ಕುಸ್ತಿಯವನೇ

ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ಆದರೆ ಗಾರ್ಡ್ ಕಲಿಯುವ ಉತ್ಸಾಹದಲ್ಲಿ ನಿಂತು ಹಿಡಿಯುವುದನ್ನು ಬಿಟ್ಟುಬಿಡಬೇಡಿ. ನಾನು ಬಿಟ್ಟು, ಒಂದು ವರ್ಷದ ನಂತರ ಪಶ್ಚಾತ್ತಾಪಪಟ್ಟೆ. ಎದೆಯ ಮೇಲೆ ಕುಳಿತವನನ್ನು, ಅವನ ಒಂದು ಪಕ್ಕದ ಕೈಕಾಲುಗಳನ್ನು ಕಟ್ಟಿಹಾಕಿ ಸೊಂಟ ಎತ್ತಿ ಉರುಳಿಸುವುದು ಸಹ ನಿಮ್ಮ ಕುಸ್ತಿಯ ಮೈಗೆ ಬೇಗ ಒಗ್ಗುತ್ತದೆ.

ಟ್ಯಾಪ್ ಮಾಡಲು ತಡಮಾಡಿದ್ದು ಮಾತ್ರ ನನಗೆ ಆತಂಕ ತಂದಿತು. 1951ರಲ್ಲಿ ರಿಯೊ ಡಿ ಜನೈರೊದ ಮರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಜೂಡೊ ಪಟು ಮಸಾಹಿಕೊ ಕಿಮುರಾ, ಬ್ರೆಜಿಲಿಯನ್ ಜಿಯು-ಜಿಟ್ಸುವನ್ನು ರೂಪಿಸಿದವರಲ್ಲೊಬ್ಬನಾದ ಹೀಲಿಯೊ ಗ್ರೇಸಿಯ ತೋಳನ್ನು ತಿರುಚಿ ಹಿಡಿದಾಗಲೂ ಹೀಲಿಯೊ ಸೋಲೊಪ್ಪಲಿಲ್ಲ. ಅಣ್ಣ ಕಾರ್ಲೋಸ್ ಪಂದ್ಯವನ್ನು ನಿಲ್ಲಿಸಬೇಕಾಯಿತು. ಆ ಪಟ್ಟಿಗೆ ಇಂದಿಗೂ ಕಿಮುರಾ ಎಂದೇ ಹೆಸರು. ಅದು ಮಾನವನ್ನು ಪಣಕ್ಕಿಟ್ಟ ಪಂದ್ಯ. ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗಬೇಕಾದ ನಾವು ತರಗತಿಯಲ್ಲಿ ಹಾಗೆ ಮಾಡಬಾರದು. ತೋಳು ಗದ್ದದ ಕೆಳಗೆ ಸೇರಿ ಬಿಗಿಯಿತೆಂದರೆ ತಟ್ಟಿಬಿಡಿ.

ಗರಡಿಯವನು

ಇಬ್ಬರಿಗೂ ವಂದನೆಗಳು. ಎರಡು ವಾರ ಕೆಳಗಿನಿಂದಲೇ ಆರಂಭಿಸಿ ಅಭ್ಯಾಸ ಮಾಡಿದೆ. ನನಗೆ ಬಿಟ್ಟುಹೋಗುತ್ತಿದ್ದುದು ಸೊಂಟದ ಬಳಿಯ ಕೈ ಎಂದು ಮೂರನೆಯ ದಿನ ತಿಳಿಯಿತು. ನಿನ್ನೆ ಎರಡು ಬಾರಿ ಮೊಣಕಾಲು ಒಳಗೆ ಬಂದಿತು. ಒಂದು ಸಂದೇಹ ಉಳಿದಿದೆ: ಎರಡೂ ಕಾಲು ಹಿಡಿದು ಕೆಡವುವಾಗ ಕೆಲವರು ಬೀಳುತ್ತಲೇ ನನ್ನ ಕುತ್ತಿಗೆಯನ್ನು ಕಂಕುಳಲ್ಲಿ ಅಮುಕುತ್ತಾರೆ.

ಉತ್ತರ – ಪರ್ಪಲ್ ಬೆಲ್ಟ್, ಒಂಬತ್ತನೆಯ ವರ್ಷ

ನೀವು ತಲೆ ತಗ್ಗಿಸಿ ನುಗ್ಗುತ್ತಿರಬಹುದು. ದೃಷ್ಟಿ ಮೇಲಿರಲಿ, ಕಿವಿ ಅವರ ಪಕ್ಕೆಲುಬಿಗೆ ಅಂಟಿರಲಿ. ಆದರೂ ಕುತ್ತಿಗೆ ಸಿಕ್ಕಿತೆಂದರೆ, ಅಮುಕಿದ ತೋಳು ಯಾವ ಪಕ್ಕದ್ದೋ ಅದರ ಎದುರು ಪಕ್ಕಕ್ಕೆ ನಿಮ್ಮ ಮೈಯನ್ನು ಒಯ್ದು, ಭುಜದ ಭಾರವನ್ನು ಅವರ ಮೇಲೆ ಬಿಡಿ.