ಪದಚರ್ಚೆ: ಮೌಂಟನ್ ಬೈಕಿನ ‘29 ಇಂಚು’ ವ್ಯಾಸವೇ, ಹೆಸರೇ?

ಪ್ರಶ್ನೆ (ಕುಂಬಳೆ)

ಬಲ್ಲವರಲ್ಲಿ ಒಂದು ವಿಚಾರಣೆ. ನಮ್ಮ ಹೈಸ್ಕೂಲಿನ ಸೈಕಲ್ ಕ್ಲಬ್ಬಿನ ಮಕ್ಕಳಿಗೂ ಹೆತ್ತವರಿಗೂ ಹಂಚಲು ಮೌಂಟನ್ ಬೈಕಿನ ಗಾಲಿ ಆರಿಸುವುದು ಹೇಗೆ ಎಂಬ ಎರಡು ಪುಟದ ಕನ್ನಡ ಹಾಳೆ ಆಗಬೇಕು. ಕರಡು ಹೀಗೆ ಶುರುವಾಗುತ್ತದೆ: “ಚಕ್ರಗಳು ಮೂರು ಗಾತ್ರಗಳಲ್ಲಿ ದೊರೆಯುತ್ತವೆ. ಅವುಗಳ ವ್ಯಾಸ ಕ್ರಮವಾಗಿ 26, 27.5 ಮತ್ತು 29 ಇಂಚು. 27.5 ಎಂಬುದು ಮಧ್ಯಮ ಗಾತ್ರ.”

ಇಲ್ಲಿ ಗಾತ್ರ, ವ್ಯಾಸ, ಅಳತೆ ಇವುಗಳಲ್ಲಿ ಯಾವುದು ಸರಿ? ಚಕ್ರ ಎನ್ನಬೇಕೋ ಗಾಲಿ ಎನ್ನಬೇಕೋ? 27.5ನ್ನು ‘ಇಪ್ಪತ್ತೇಳು ದಶಾಂಶ ಐದು’ ಎಂದು ಓದಿದರೆ ಗಣಿತದ ಪಾಠದಂತೆ ಕೇಳುತ್ತದೆ. ಇನ್ನು ಮುಂದೆ 29, ಹಿಂದೆ 27.5 ಹಾಕಿದ ಬೈಕಿಗೆ ‘ಮಲೆಟ್’ ಎನ್ನುತ್ತಾರಂತೆ. ನಿಘಂಟಿನಲ್ಲಿ ನೋಡಿದರೆ ಅದೊಂದು ಮೀನು. ಅದನ್ನು ಏನೆಂದು ಬರೆಯಲಿ?

ಉತ್ತರ (ಬದಿಯಡ್ಕ)

ಮಾಷ್ಟ್ರೆ, ಕರಡಿನ ಎರಡನೆಯ ವಾಕ್ಯವನ್ನು ಮೊದಲು ಹೊಡೆದುಹಾಕಿ. ಅದು ಹಾಗೆಯೇ ಅಚ್ಚಾದರೆ ಹೆತ್ತವರು ಪೇಟೆಗೆ ಹೋಗಿ ಕೂರದ ಟಯರು ತರುತ್ತಾರೆ. ಸೈಕಲಿನಲ್ಲಿ ಇಂಚಿನ ಸಂಖ್ಯೆ ಅಳೆದು ಕೊಟ್ಟದ್ದಲ್ಲ, ರೂಢಿಯಿಂದ ಬಂದ ಹೆಸರು. ನಿಜವಾದ ಅಳತೆ ಟಯರಿನ ಮಗ್ಗುಲಲ್ಲಿ ಸಣ್ಣಕ್ಕೆ ಅಚ್ಚಾಗಿರುತ್ತದೆ: 57-622, 57-584, 54-559 ಹೀಗೆ. ಅಡ್ಡಗೆರೆಯ ಮೊದಲಿನದು ಟಯರಿನ ಅಗಲ, ನಂತರದ ಮೂರಂಕಿ ಟಯರಿನ ಅಂಚಿನ ತಂತಿ ರಿಮ್ಮಿನೊಳಗೆ ಕೂರುವ ಜಾಗದ ವ್ಯಾಸ. ಎರಡೂ ಮಿಲಿಮೀಟರಿನಲ್ಲಿ. ಮೌಂಟನ್ ಬೈಕಿನ 26ಕ್ಕೆ ಆ ಮೂರಂಕಿ 559, 27.5ಕ್ಕೆ 584, 29ಕ್ಕೆ 622. ‘ವ್ಯಾಸ’ ಎಂಬ ಪದ ಹಾಳೆಯಲ್ಲಿ ಬರುವುದಿದ್ದರೆ ಈ ಮೂರಂಕಿಯ ಜೊತೆಗೆ ಮಾತ್ರ ಬರಲಿ.

ಹಾಗಾದರೆ ಇಂಚು ಎಲ್ಲಿಂದ ಬಂತು? ಗಾಳಿ ತುಂಬಿದ ಟಯರಿನ ಹೊರಮೈಯಿಂದ. 57-622 ಟಯರಿಗೆ 622ಕ್ಕೆ ಎರಡು 57 ಕೂಡಿಸಿ: 736 ಮಿ.ಮೀ., ಅಂದರೆ ಸರಿಸುಮಾರು 29 ಇಂಚು. 57-584 ಆದರೆ 698 ಮಿ.ಮೀ., ಇಪ್ಪತ್ತೇಳೂವರೆ. 57 ಮಿ.ಮೀ., ಅಂದರೆ ಎರಡೂಕಾಲು ಇಂಚಿನ ಟಯರು ಹಾಕಿದಾಗ ಈ ಎರಡು ಹೆಸರುಗಳೂ ಅಳತೆಗೆ ಹೊಂದುತ್ತವೆ. ಅದೇ ಅಗಲದ ಟಯರು 559ರ ರಿಮ್ಮಿಗೆ ಬಂದರೆ 673 ಮಿ.ಮೀ., ಇಪ್ಪತ್ತಾರೂವರೆ ಇಂಚು. ಟಯರಿನ ಅಗಲ ಬದಲಾದ ಕೂಡಲೇ ಹೊರಮೈಯೂ ಬದಲು: 71-584 ಟಯರು 726 ಮಿ.ಮೀ.ಗೆ ಏರಿ, 53-622ರ 728ಕ್ಕೆ ಹೆಚ್ಚುಕಮ್ಮಿ ಸಮನಾಗಿ ನಿಲ್ಲುತ್ತದೆ. ಹೆಸರು ಮಾತ್ರ 27.5 ಎಂದೇ.

‘ಮಧ್ಯಮ ಗಾತ್ರ’ ಎಂಬುದೂ ಇದರಿಂದಲೇ ಬಿದ್ದುಹೋಗುತ್ತದೆ. 559ರಿಂದ 584ಕ್ಕೆ 25 ಮಿ.ಮೀ., ಅಲ್ಲಿಂದ 622ಕ್ಕೆ 38 ಮಿ.ಮೀ. ಇಪ್ಪತ್ತೇಳೂವರೆ ನಡುವಿನದ್ದಲ್ಲ, 26ರ ಮಗ್ಗುಲಿನದ್ದು. ಅದು ಹೊಸತೂ ಅಲ್ಲ; ಫ್ರಾನ್ಸಿನ ಹಳೆಯ ಪ್ರವಾಸಿ ಸೈಕಲುಗಳ 650ಬಿ ಇದೇ 584. ಸ್ವಿಟ್ಜರ್ಲೆಂಡಿನ ಮೌಂಟನ್ ಬೈಕ್ ಸ್ಪರ್ಧಿ ನಿನೊ ಶುರ್ಟರ್ 2012ರಲ್ಲಿ ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗಿನ ವಿಶ್ವಕಪ್ ರೇಸನ್ನು ಈ ಗಾಲಿಯಲ್ಲಿ ಗೆದ್ದ ಮೇಲೆ ಕಂಪನಿಗಳು ಅದರತ್ತ ತಿರುಗಿದವು.

ಈಗ ಅಂಗಡಿಯಲ್ಲಿ ಆಗುವ ಎಡವಟ್ಟು. ನಮ್ಮ ಊರುಗಳಲ್ಲಿ ‘ಇಪ್ಪತ್ತಾರರ ಟಯರು’ ಎಂದು ಕೇಳಿದರೆ 26×1⅜ ಕೈಗೆ ಬರುವ ಸಂಭವ ಉಂಟು. ಅದು 37-590, ಸಾದಾ ಸೈಕಲಿನದ್ದು. 559ರ ರಿಮ್ಮಿಗಿಂತ 31 ಮಿ.ಮೀ. ದೊಡ್ಡದು, ಹಾಕಿದರೆ ಬಳೆಯಂತೆ ಜೋತಾಡುತ್ತದೆ. ತಪ್ಪು ಅಲ್ಲಿಯೇ ಕಾಣುವುದರಿಂದ ಅಪಾಯ ಕಡಿಮೆ. ಮೋಸ ಹೋಗುವುದು 28ರಲ್ಲಿ. ಹಳೆಯ ರಾಡ್ ಬ್ರೇಕಿನ ದೊಡ್ಡ ಸೈಕಲಿನ 28×1½ ಎಂದರೆ 635. 29ರ ರಿಮ್ಮಿಗಿಂತ 13 ಮಿ.ಮೀ. ಮಾತ್ರ ಹೆಚ್ಚು. ರಿಮ್ಮಿಗೆ ಕೂತ ಹಾಗೆ ತೋರುತ್ತದೆ, ಗಾಳಿ ತುಂಬಿದಾಗ ಒಂದು ಕಡೆ ಉಬ್ಬಿ ಟ್ಯೂಬು ಹೊರಗೆ ಬಂದು ಒಡೆಯುತ್ತದೆ. ಇನ್ನೊಂದು ಮಗ್ಗುಲಲ್ಲಿ, ಹೊರದೇಶದ ಟಯರುಗಳಲ್ಲಿ 28×1.60 ಎಂದಿದ್ದು ಜೊತೆಗೆ 42-622 ಎಂದಿದ್ದರೆ ಅದು 29ರ ರಿಮ್ಮಿಗೆ ಸರಿಯಾಗಿಯೇ ಕೂರುತ್ತದೆ. 700ಸಿ ಎಂಬುದೂ 622. ಹೀಗೆ 28 ಎಂಬ ಒಂದೇ ಹೆಸರಿನಡಿ ಎರಡು ಅಳತೆ, 622 ಎಂಬ ಒಂದೇ ಅಳತೆಗೆ ಮೂರು ಹೆಸರು. ಅಂಗಡಿಯವರಲ್ಲಿ ಕನ್ನಡದಲ್ಲಿ ಕೇಳಿ, ಮಲಯಾಳದಲ್ಲಿ ಕೇಳಿ, ತುಳುವಿನಲ್ಲಿ ‘ಇರ್ವತ್ತಾಜಿ’ ಎನ್ನಿ, ಕೊನೆಗೆ ಮೂರಂಕಿಯನ್ನು ಬೆರಳಿಟ್ಟು ತೋರಿಸಿದರೆ ಮಾತ್ರ ಸರಿಯಾದ್ದು ಸಿಗುತ್ತದೆ.

ಟಯರಿನ ಅಚ್ಚು ಅಳಿಸಿದ್ದರೆ ರಿಮ್ಮನ್ನೇ ಅಳೆಯಬೇಕು. ಟಯರು ತೆಗೆದು, ಗುಂಬದ (ಹಬ್ಬಿನ) ನಡುವಿನ ಮೇಲಿಂದ ಹಾದು ರಿಮ್ಮಿನ ಹೊರ ಅಂಚಿನಿಂದ ಎದುರಿನ ಹೊರ ಅಂಚಿಗೆ ಟೇಪು ಹಿಡಿಯಿರಿ. ಬಂದದ್ದರಿಂದ ಸುಮಾರು 12 ಮಿ.ಮೀ. ಕಳೆಯಿರಿ, ಏಕೆಂದರೆ ತಂತಿ ಕೂರುವ ಜಾಗ ಎರಡೂ ಕಡೆ ಅಂಚಿಗಿಂತ 6 ಮಿ.ಮೀ.ನಷ್ಟು ಕೆಳಗಿರುತ್ತದೆ. ಕಳೆಯದಿದ್ದರೆ 622ರ ರಿಮ್ಮು ಟೇಪಿನಲ್ಲಿ 634 ತೋರಿಸುತ್ತದೆ, ನೋಡಿದವರು ಅದನ್ನು 635 ಎಂದು ತಿಳಿಯುತ್ತಾರೆ. ವಾಲ್ವಿನ ತೂತನ್ನೂ ನೋಡಿಕೊಳ್ಳಿ. ಕಾರಿನಂಥ ದಪ್ಪ ವಾಲ್ವಿಗೆ ಎಂಟೂವರೆ ಮಿ.ಮೀ., ಸಪೂರದ ಪ್ರೆಸ್ಟಾ ವಾಲ್ವಿಗೆ ಆರೂವರೆ. ದಪ್ಪದ್ದು ಸಣ್ಣ ತೂತಿನಲ್ಲಿ ಹೋಗದು.

ಆರಿಸುವ ವಿಷಯಕ್ಕೆ ಬಂದರೆ, ಗಾಲಿಗಿಂತ ಮೊದಲು ಫ್ರೇಮು, ಫ್ರೇಮಿಗಿಂತ ಮೊದಲು ಕೂರುವವರ ಎತ್ತರ. ಸುಮಾರಾಗಿ ಐದಡಿ ಮೂರಿಂಚಿಗಿಂತ ಕುಳ್ಳಗಿರುವವರಿಗೆ ಇಪ್ಪತ್ತೇಳೂವರೆ ಒಳ್ಳೆಯದು. ಐದಡಿ ಆರಕ್ಕಿಂತ ಮೇಲಿದ್ದರೆ 29. ನಡುವಿನವರು ಎರಡನ್ನೂ ಹತ್ತಿ ನೋಡಬೇಕು. ಕೆಲವು ಕಂಪನಿಗಳು ಒಂದೇ ಮಾದರಿಯ ಸಣ್ಣ ಫ್ರೇಮಿಗೆ 27.5, ದೊಡ್ಡದಕ್ಕೆ 29 ಹಾಕಿ ಕೊಡುವುದು ಇದಕ್ಕೇ. ಎಂಟನೆಯ ತರಗತಿಯ ಗಿಡ್ಡ ಮಕ್ಕಳಿಗೆ 24 ಇರಲಿ, ಅದರ ಮೂರಂಕಿ 507. ಪರೀಕ್ಷೆ ಸುಲಭ: ಸೀಟಿನಲ್ಲಿ ಕೂತು, ಪೆಡಲುಗಳನ್ನು ನೆಲಕ್ಕೆ ಸಮವಾಗಿ ನಿಲ್ಲಿಸಿ, ಹ್ಯಾಂಡಲನ್ನು ಎರಡೂ ಕಡೆ ತಿರುಗಿಸಿ. ಮುಂದಿನ ಟಯರು ಕಾಲಬೆರಳಿಗೆ ತಾಗಿದರೆ ಆ ಫ್ರೇಮಿಗೆ ಆ ಗಾಲಿ ದೊಡ್ಡದಾಯಿತು. ರಸ್ತೆಯಲ್ಲಿ ಇದು ಗೊತ್ತೇ ಆಗದು. ಅಡಿಕೆ ತೋಟದ ಓಣಿಯಲ್ಲಿ ಮೆಲ್ಲಗೆ ತಿರುಗುವಾಗ ಬೀಳಿಸುತ್ತದೆ.

ದೊಡ್ಡ ಗಾಲಿ ಎಲ್ಲವನ್ನೂ ಹತ್ತಿಬಿಡುತ್ತದೆ ಎಂಬ ಮಾತಿನಲ್ಲಿ ಉತ್ಪ್ರೇಕ್ಷೆ ಉಂಟು. ಹತ್ತು ಸೆಂಟಿಮೀಟರಿನ ಮುರಕಲ್ಲಿನ (ಕೆಂಪುಕಲ್ಲಿನ) ಮೆಟ್ಟಿಲು ಎದುರಾದಾಗ, ಎರಡೂಕಾಲು ಇಂಚಿನ ಟಯರಿದ್ದರೆ, 26ರ ಗಾಲಿ ಅದನ್ನು ಮುಟ್ಟುವ ಕೋನ ಸುಮಾರು 45.4 ಡಿಗ್ರಿ, 27.5ರದ್ದು 44.5, 29ರದ್ದು 43.3. ವ್ಯತ್ಯಾಸ ಎರಡು ಡಿಗ್ರಿ ಮಾತ್ರ. ಒಂದು ಮೆಟ್ಟಿಲಿಗೆ ಅದು ದೊಡ್ಡದಲ್ಲ. ಪೊಸಡಿಗುಂಪೆಯ ಸುತ್ತಿನಂಥ ಮುರಕಲ್ಲಿನ ಗುಡ್ಡೆಯಲ್ಲಿ ಕಲ್ಲು ಮೇಲೆ ಕಲ್ಲು ಬರುತ್ತಲೇ ಇರುವಾಗ ವೇಗ ಉಳಿಸಿಕೊಡುತ್ತದೆ. ಅದೇ 29ರ ಬೈಕು ಕಟ್ಟಪುಣಿಯಲ್ಲಿ (ಗದ್ದೆಯ ಬದುವಿನಲ್ಲಿ), ಸಂಕದ (ಕಾಲುಸೇತುವೆಯ) ಬುಡದಲ್ಲಿ, ಬೇಲಿ ದಾಟುವ ತಡಮ್ಮೆಯ ಹತ್ತಿರ ಗಕ್ಕನೆ ತಿರುಗಬೇಕಾದಾಗ ಉದ್ದವಾಯಿತೆನಿಸುತ್ತದೆ. ಮುರಕಲ್ಲಿನ ಚೂಪು ಅಂಚಿಗೆ ಟ್ಯೂಬು ರಿಮ್ಮಿನ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತಾಗುವುದಕ್ಕೆ ಯಾವ ಗಾಲಿಯೂ ಮದ್ದಲ್ಲ. ಅದಕ್ಕೆ ಅಗಲದ ಟಯರು ಬೇಕು, ಗಾಳಿ ಹದವಾಗಿರಬೇಕು: 65 ಕಿಲೋದವರಿಗೆ ಟ್ಯೂಬಿದ್ದ ಎರಡೂಕಾಲು ಇಂಚಿನ ಟಯರಿನಲ್ಲಿ ಮುಂದೆ 27, ಹಿಂದೆ 30 ಪಿಎಸ್‌ಐ ಆಸುಪಾಸು. ನನ್ನನ್ನು ಕೇಳಿದರೆ, 27.5ರಿಂದ 29ಕ್ಕೆ ಹಾರಲು ಖರ್ಚು ಮಾಡುವ ಬದಲು ಫ್ರೇಮು ಹಿಡಿಸುವಷ್ಟು ಅಗಲದ ಟಯರು ಹಾಕಿಸುವುದು ಹೆಚ್ಚಿನ ಮಕ್ಕಳಿಗೆ ಸಾಕು.

ಹಿಡಿಸುವಷ್ಟು ಎಂದರೆ, ಟಯರಿನ ಎರಡೂ ಮಗ್ಗುಲಲ್ಲೂ ಫೋರ್ಕಿನ ಕಮಾನಿನ ಕೆಳಗೂ ಕನಿಷ್ಠ 6 ಮಿ.ಮೀ. ಬಿಡುವು. ಆಟಿಯ (ಮಳೆಗಾಲದ) ಕೆಸರಿನಲ್ಲಿ ಅದೂ ಕಡಿಮೆಯೇ. ಇದ್ದ ಫ್ರೇಮಿಗೆ ದೊಡ್ಡ ಗಾಲಿ ತುರುಕುವವರಿಗೆ ಇನ್ನೊಂದು ತಡೆ ಬ್ರೇಕು: ರಿಮ್ಮಿಗೆ ಒತ್ತುವ ವಿ-ಬ್ರೇಕಿನ ರಬ್ಬರು ಒಂದೇ ಎತ್ತರದಲ್ಲಿರುವುದರಿಂದ 26ರ ಫ್ರೇಮಿಗೆ 27.5 ಹಾಕಿದರೆ ರಬ್ಬರು ರಿಮ್ಮನ್ನು ಬಿಟ್ಟು ಒಳಗೆ ಕಡ್ಡಿಗಳ ಕಡೆಗೆ ಬರುತ್ತದೆ. ಡಿಸ್ಕ್ ಬ್ರೇಕಿಗೆ ಆ ತೊಂದರೆ ಇಲ್ಲ. ಗಿಯರೂ ಭಾರವಾಗುತ್ತದೆ. ಎರಡೂಕಾಲು ಇಂಚಿನ ಟಯರಿನಲ್ಲಿ 26ರಿಂದ 29ಕ್ಕೆ ಹೋದರೆ ಪೆಡಲು ಒಂದು ಸುತ್ತಿಗೆ ಸುಮಾರು ನೂರಕ್ಕೆ 9ರಷ್ಟು ಹೆಚ್ಚು ದೂರ. ಪೆಡಲಿನ ಬಳಿಯ 32 ಹಲ್ಲಿನ ಚಕ್ರವನ್ನು 35 ಹಲ್ಲಿನದ್ದರಂತೆ ತುಳಿಯಬೇಕಾಗುತ್ತದೆ. ಚಡಾವು ಹತ್ತುವವರು ಅದನ್ನು 30ಕ್ಕೆ ಇಳಿಸಿಕೊಳ್ಳಲಿ.

ಉತ್ತರ (ನೀರ್ಚಾಲು)

ಬಳಕೆಯ ಬಗ್ಗೆ ಎರಡು ಮಾತು. ಇಂಚು ಹೆಸರೇ ಆಗಿದ್ದರೆ ಅದನ್ನು ಹೆಸರಿನ ಹಾಗೆಯೇ ನಡೆಸಿಕೊಂಡರಾಯಿತು. ಕನ್ನಡಕ್ಕೆ ಅದು ಹೊಸ ಕೆಲಸವಲ್ಲ: ‘ಇಪ್ಪತ್ತಾರರ ಗಾಲಿ’, ‘ಇಪ್ಪತ್ತೊಂಬತ್ತರದ್ದು ಬೇಕು’, ‘ಇಪ್ಪತ್ತೇಳೂವರೆಯ ಟಯರು’. ವಿಭಕ್ತಿ ಹತ್ತಿದ ಕೂಡಲೇ ಸಂಖ್ಯೆ ಅಳತೆಯ ಭಾರ ಕಳಚಿ ಹೆಸರಾಗುತ್ತದೆ. ‘29 ಇಂಚು ವ್ಯಾಸದ ಚಕ್ರ’ ಎಂದಾಗ ಓದುವವರು ಟೇಪು ತೆಗೆಯುತ್ತಾರೆ, ‘29ರ ಗಾಲಿ’ ಎಂದಾಗ ತೆಗೆಯುವುದಿಲ್ಲ. ಅರ್ಧಕ್ಕೆ ‘ಊವರೆ’ ಇರುವಾಗ ದಶಾಂಶವನ್ನು ಬಾಯಲ್ಲಿ ಹೇಳಬೇಕಾಗಿಲ್ಲ, ಅಚ್ಚಿನಲ್ಲಿ 27.5 ಇರಲಿ, ಟಯರಿನ ಮೇಲೆ ಹಾಗೆಯೇ ಇದೆಯಲ್ಲ.

‘ಗಾತ್ರ’ ಬೇಡ. ಅದು ದಪ್ಪವನ್ನೂ ಎತ್ತರವನ್ನೂ ಒಟ್ಟಿಗೆ ಹೇಳುವ ಪದ. ಇಲ್ಲಿ ಅಗಲ ಬೇರೆ, ವ್ಯಾಸ ಬೇರೆ ಎಂದು ತೋರಿಸುವುದೇ ಹಾಳೆಯ ಕೆಲಸ. 57-622 ಎಂಬ ಇಡೀ ಬರಹಕ್ಕೆ ‘ಅಳತೆ’ ಸರಿ. ನಮ್ಮ ಕಡೆ ‘ಟಯರಿನ ನಂಬ್ರ’ ಎಂದರೂ ಎಲ್ಲರಿಗೂ ತಿಳಿಯುತ್ತದೆ. ಚಕ್ರ, ಗಾಲಿ ಎರಡೂ ಕನ್ನಡದಲ್ಲಿ ನಡೆಯುತ್ತವೆ. ಆದರೆ ಹಲ್ಲುಚಕ್ರವೂ ಒಂದೇ ಹಾಳೆಯಲ್ಲಿ ಬರುವುದಾದರೆ ನೆಲಕ್ಕೆ ತಾಗುವುದನ್ನು ಗಾಲಿ ಎಂದೇ ಬರೆದು ಚಕ್ರವನ್ನು ಹಲ್ಲಿನದ್ದಕ್ಕೆ ಬಿಡುವುದು ಮೇಲು. ಟಯರಿನ ಅಂಚಿನ ತಂತಿಗೆ ಇಂಗ್ಲಿಷಿನ ಹಾಗೆ ‘ಬೀಡು’ ಎಂದು ಬರೆದರೆ ಹಳಗನ್ನಡ ಓದಿದವರು ಬೀಡುಬಿಟ್ಟ ಸೈನ್ಯವನ್ನು ನೆನೆಯಬಹುದು, ‘ಅಂಚುತಂತಿ’ ಸಾಕು.

ಉತ್ತರ (ಬದಿಯಡ್ಕ)

ಅಂಚುತಂತಿಗೆ ನನ್ನದೂ ಒಪ್ಪಿಗೆ. ಮಲೆಟ್ ವಿಷಯ ಬಾಕಿ ಇತ್ತು. ಅದು ಮೀನಿನಿಂದಲ್ಲ, ಕೂದಲಿನಿಂದ ಬಂದದ್ದು: ಮುಂದೆ ಗಿಡ್ಡ, ಹಿಂದೆ ಉದ್ದ ಬಿಡುವ ಒಂದು ಕಟಿಂಗಿನ ಹೆಸರು. ಮುಂದೊಂದು ತರ, ಹಿಂದೊಂದು ತರ ಎಂಬಷ್ಟೇ ಹೋಲಿಕೆ. ಬೈಕಿನಲ್ಲಿ ದೊಡ್ಡದು ಮುಂದೆ. ಅನುವಾದಿಸಿದರೆ ಮಕ್ಕಳಿಗೆ ಏನೂ ದಕ್ಕುವುದಿಲ್ಲ. ‘ಮಿಶ್ರ ಗಾಲಿಯ ಬೈಕು’ ಎಂದು ಬರೆದು ಮುಂದೆ 622, ಹಿಂದೆ 584 ಎಂದು ಹೇಳಿ.

ಜೊತೆಗೆ ಒಂದು ಎಚ್ಚರಿಕೆ ಇರಲಿ. ಕಡಿದಾದ ಇಳಿತದಲ್ಲಿ ಹಿಂದಕ್ಕೆ ಸರಿದು ಕೂರುವಾಗ ಟಯರು ಅಂಡಿಗೆ ತಾಗದಿರಲಿ ಎಂದು ಈ ಜೋಡಣೆ. ಎರಡೂ 29 ಇರುವ ಫ್ರೇಮಿನಲ್ಲಿ ಹಿಂದಿನದನ್ನು ಮಾತ್ರ ಅದೇ ಅಗಲದ 27.5ಕ್ಕೆ ಬದಲಿಸಿದರೆ ಹಿಂದಿನ ಗಾಲಿಯ ಅಚ್ಚು (ಆಕ್ಸಲ್) 19 ಮಿ.ಮೀ. ಇಳಿಯುತ್ತದೆ. ಪೆಡಲಿನ ಅಚ್ಚು ಸುಮಾರು 12 ಮಿ.ಮೀ. ಕೆಳಗೆ ಬಂದು ಪೆಡಲು ಮುರಕಲ್ಲಿಗೆ ಬಡಿಯತೊಡಗುತ್ತದೆ. ಫೋರ್ಕಿನ ಓರೆ ಸುಮಾರು ಒಂದು ಡಿಗ್ರಿ ಹೆಚ್ಚುತ್ತದೆ, ಹತ್ತುವಾಗ ಮುಂದಿನ ಗಾಲಿ ಅಲೆಯುತ್ತದೆ. ಇದಕ್ಕೆಂದೇ ಮಾಡಿದ ಫ್ರೇಮು, ಅಥವಾ ಹಿಂದಿನ ಎತ್ತರ ಸರಿಪಡಿಸುವ ಬಿಲ್ಲೆ ಇರುವ ಫ್ರೇಮು ಆದರೆ ಮಾತ್ರ ಸರಿ. ಶಾಲೆಯ ಕ್ಲಬ್ಬಿನ ಬೈಕಿಗೆ ಇದು ಬೇಕಾಗಿಲ್ಲ.

ಕರಡಿನ ಆ ಮೂರು ವಾಕ್ಯಗಳ ಜಾಗಕ್ಕೆ ಹೀಗೆ ಹಾಕಬಹುದು: “ಮೌಂಟನ್ ಬೈಕಿನ ಗಾಲಿಗಳಲ್ಲಿ 26ರದ್ದು, 27.5ರದ್ದು, 29ರದ್ದು ಎಂದು ಮೂರು ಬಗೆ. ರಿಮ್ಮಿನಲ್ಲಿ ಟಯರು ಕೂರುವ ವ್ಯಾಸ ಕ್ರಮವಾಗಿ 559, 584, 622 ಮಿ.ಮೀ. ಟಯರು, ಟ್ಯೂಬು ಕೊಳ್ಳುವಾಗ ಹಳೆಯ ಟಯರಿನ ಮೂರಂಕಿಯನ್ನು ಬರೆದುಕೊಂಡು ಹೋಗಿ.”