ಹೊರದೇಶದಲ್ಲಿ 200 ಗಂಟೆಯ ಯೋಗ ಶಿಕ್ಷಕರ ಕೋರ್ಸ್: ಹಣ ಕಟ್ಟುವ ಮುಂಚೆ ಏನೇನು ನೋಡಬೇಕು?

ಚಾಪೆಯಂಚು ಕೇಳಿದ ಪ್ರಶ್ನೆ:

ಹೊರದೇಶಕ್ಕೆ ಹೋಗಿ, ಅಲ್ಲೇ ಉಳಿದು ಮಾಡುವ ಶಿಕ್ಷಕರ ತರಬೇತಿಗಳನ್ನೆಲ್ಲ ಜಾಲಾಡಿ ಕೊನೆಗೆ ಎರಡಕ್ಕೆ ಬಂದು ನಿಂತಿದೆ. ಒಂದು 21 ದಿನದ್ದು, ಇನ್ನೊಂದು 28 ದಿನದ್ದು. ಎರಡರಲ್ಲೂ 200 ಗಂಟೆ, ಎರಡರಲ್ಲೂ "ಯೋಗ ಅಲಯನ್ಸ್ ಮಾನ್ಯತೆ", ಎರಡರ ವೆಬ್‌ಸೈಟಿನಲ್ಲೂ ಪಾಠಕ್ಕಿಂತ ಸಮುದ್ರದ ಫೋಟೋಗಳೇ ಜಾಸ್ತಿ. ಸದ್ಯದ ಅಭ್ಯಾಸ ವಾರಕ್ಕೆ ಮೂರು ಕ್ಲಾಸು. ಶಾಲೆಯವರಿಗೆ ಏನು ಕೇಳಿದರೆ ಒಳಗಿನ ವಿಷಯ ಗೊತ್ತಾಗುತ್ತೆ? ದೇಹವನ್ನು ಎಷ್ಟು ಮುಂಚೆ ತಯಾರು ಮಾಡಬೇಕು? ವೀಸಾ ವಿಷಯದಲ್ಲಿ ಎಲ್ಲಿ ಎಡವಬಹುದು? ಗೊತ್ತಿರುವವರು ಬಿಡಿಸಿ ಹೇಳಿ.

ಗಂಟೆಲೆಕ್ಕ ಉತ್ತರ:

ಮೊದಲು ಆ "ಮಾನ್ಯತೆ" ಅನ್ನೋ ಪದ. ಯೋಗ ಅಲಯನ್ಸ್ ಅಮೆರಿಕದ ಒಂದು ಖಾಸಗಿ, ಲಾಭರಹಿತ ಸಂಸ್ಥೆ. ಅದು ನಿಮಗೆ ಪರೀಕ್ಷೆ ಮಾಡಲ್ಲ, ಸರ್ಟಿಫಿಕೇಟನ್ನೂ ಕೊಡಲ್ಲ. ಶಾಲೆಯ ಪಠ್ಯಕ್ರಮ ತನ್ನ ನಿಯಮಕ್ಕೆ ಹೊಂದಿದರೆ ಆ ಶಾಲೆಯನ್ನು ನೋಂದಾಯಿಸಿಕೊಳ್ಳುತ್ತೆ. ಸರ್ಟಿಫಿಕೇಟ್ ಕೊಡೋದು ಶಾಲೆ. ಅದನ್ನು ಹಿಡಿದು ನೀವು ಆಮೇಲೆ ಬೇರೆಯಾಗಿ ಶುಲ್ಕ ಕಟ್ಟಿ ಆರ್‌ವೈಟಿ 200 ಅಂತ ಹೆಸರು ದಾಖಲಿಸಿಕೊಳ್ಳಬೇಕು. ಶಾಲೆಯ ನೋಂದಣಿ ಆರ್‌ವೈಎಸ್, ಶಿಕ್ಷಕರದ್ದು ಆರ್‌ವೈಟಿ. ಇವೆರಡನ್ನು ಕಲಸುಮೇಲೋಗರ ಮಾಡಿ ಜಾಹೀರಾತು ಹಾಕುವವರು ಬೇಕಾದಷ್ಟಿದ್ದಾರೆ. ಅಲಯನ್ಸ್‌ನ ಡೈರೆಕ್ಟರಿಯಲ್ಲಿ ಶಾಲೆಯ ಹೆಸರು ಹಾಕಿ ಹುಡುಕಿ. "ಆರ್‌ವೈಎಸ್ 200" ಅಂತ ಈಗಲೂ ಚಾಲ್ತಿಯಲ್ಲಿದೆಯಾ ನೋಡಿ. ಇನ್ನೊಂದು ವಿಷಯ, 200 ಗಂಟೆ ಪೂರ್ತಿ ಒಂದೇ ಶಾಲೆಯದ್ದಾಗಿರಬೇಕು. ಅರ್ಧ ಇಲ್ಲಿ ಅರ್ಧ ಅಲ್ಲಿ ಮಾಡಿ ಕೂಡಿಸಿಕೊಳ್ಳೋಕಾಗಲ್ಲ.

ಈಗ ಅಸಲಿ ಪ್ರಶ್ನೆ, ಗಂಟೆ. ವಾರಕ್ಕೊಂದು ರಜೆ ಅಂದರೆ 21 ದಿನದಲ್ಲಿ ಪಾಠದ ದಿನ 18. 200 ಅನ್ನು 18ರಿಂದ ಭಾಗಿಸಿ: ದಿನಕ್ಕೆ 11 ಗಂಟೆಗೂ ಸ್ವಲ್ಪ ಜಾಸ್ತಿ. ಊಟ, ತಿಂಡಿ, ಸ್ನಾನ ಬಿಟ್ಟು! 28 ದಿನದ್ದರಲ್ಲಿ ಪಾಠದ ದಿನ 24, ದಿನಕ್ಕೆ ಸುಮಾರು 8 ಗಂಟೆ 20 ನಿಮಿಷ. ಇದು ಕಷ್ಟ, ಆದರೆ ಆಗುವಂಥದ್ದು. ಹನ್ನೊಂದು ಗಂಟೆ ಅಂತ ಬಂದಾಗ ಮೂರರಲ್ಲಿ ಒಂದು ನಡೀತಿರುತ್ತೆ. ಒಂದಿಷ್ಟು ಗಂಟೆ ಹೋಗುವ ಮುಂಚೆಯೇ ಆನ್‌ಲೈನ್‌ನಲ್ಲಿ ಮಾಡಿಸ್ತಾರೆ, ಇದು ತಪ್ಪಲ್ಲ. ಅಥವಾ ಸಂಜೆಯ ಭಜನೆ, ಜಲಪಾತಕ್ಕೆ ಪ್ರವಾಸ, ಮೌನವಾಗಿ ಊಟ ಮಾಡಿದ್ದು ಎಲ್ಲವನ್ನೂ ಗಂಟೆಗೆ ಸೇರಿಸಿರ್ತಾರೆ. ಇಲ್ಲವೇ ಗಂಟೆ ಆಗಿರೋದೇ ಇಲ್ಲ, ಕಾಗದದ ಮೇಲೆ ಮಾತ್ರ ಇರುತ್ತೆ. ಹಾಗಾಗಿ ಕೇಳಬೇಕಾದ್ದು ಒಂದೇ: ಹಿಂದಿನ ಬ್ಯಾಚಿನ ಒಂದು ಪೂರ್ತಿ ವಾರದ ಟೈಮ್‌ಟೇಬಲ್, ಯಾವ ಪಾಠ ಯಾರು ತಗೊಂಡ್ರು ಅನ್ನೋದರ ಸಮೇತ. ಮಾದರಿ ಟೈಮ್‌ಟೇಬಲ್ ಬೇಡ, ನಿಜವಾಗಿ ನಡೆದದ್ದು ಬೇಕು. ಕೊಡೋಕೆ ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಡಿ.

ಅಲಯನ್ಸ್‌ನ ಈಗಿನ ಮಾನದಂಡದಲ್ಲಿ ಆಸನ, ಪ್ರಾಣಾಯಾಮ, ಧ್ಯಾನದ ಅಭ್ಯಾಸಕ್ಕೆ 75 ಗಂಟೆ, ಶರೀರ ರಚನೆ ಮತ್ತು ಕ್ರಿಯೆಗೆ 30, ಇತಿಹಾಸ, ತತ್ತ್ವ, ನೀತಿಗೆ 30, ಕಲಿಸುವ ವಿಧಾನ ಮತ್ತು ವೃತ್ತಿಗೆ 50. ಉಳಿದ 15 ಶಾಲೆಯ ಇಷ್ಟ. ಟೈಮ್‌ಟೇಬಲ್ ಕೈಗೆ ಬಂದಾಗ ಈ ಲೆಕ್ಕ ಪಕ್ಕದಲ್ಲಿಟ್ಟುಕೊಂಡು ಕೂಡಿಸಿ. ಬಹಳ ಕಡೆ ಆಸನ 120 ದಾಟಿರುತ್ತೆ, ಕಲಿಸುವ ವಿಧಾನ 20ಕ್ಕೆ ಇಳಿದಿರುತ್ತೆ. ಅಂಥದ್ದು ಶಿಕ್ಷಕರ ತರಬೇತಿ ಅಲ್ಲ, ದುಬಾರಿ ಅಭ್ಯಾಸ ಶಿಬಿರ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: "ಒಬ್ಬ ವಿದ್ಯಾರ್ಥಿ ಒಬ್ಬನೇ ನಿಂತು ಒಟ್ಟು ಎಷ್ಟು ನಿಮಿಷ ಕಲಿಸ್ತಾನೆ?" ಬ್ಯಾಚಿನಲ್ಲಿ 24 ಜನ ಇದ್ದು, ಒಬ್ಬೊಬ್ಬರೂ 60 ನಿಮಿಷದ ಪೂರ್ತಿ ಕ್ಲಾಸು ತಗೋಬೇಕು ಅಂದರೆ 24 ಗಂಟೆ ಬೇಕು. ಅಷ್ಟು ಸಮಯ ಯಾರ ಹತ್ರಾನೂ ಇಲ್ಲ. ಎಂಟೆಂಟು ಜನರ ಮೂರು ಗುಂಪು, ಗುಂಪಿಗೊಬ್ಬ ಪರೀಕ್ಷಕರು ಅಂತ ಮಾಡಿದರೆ 8 ಗಂಟೆಯಲ್ಲಿ ಮುಗಿಯುತ್ತೆ. ಪರೀಕ್ಷಕರು ಒಬ್ಬರೇ ಇದ್ದಲ್ಲಿ ಒಂದು ಕ್ಲಾಸನ್ನು ನಾಲ್ಕು ಜನಕ್ಕೆ ಹಂಚಿ ಕೈತೊಳೆದುಕೊಳ್ತಾರೆ.

ಕೀಲುಮಾತು ಉತ್ತರ:

ದೇಹದ ವಿಷಯ ನಾನು ಹೇಳ್ತೀನಿ. ವಾರಕ್ಕೆ ಮೂರು ಕ್ಲಾಸಿನಿಂದ ನೇರ ದಿನಕ್ಕೆ ಎರಡು, ವಾರಕ್ಕೆ ಹನ್ನೆರಡಕ್ಕೆ ಜಿಗಿಯೋದು ಅಂದರೆ ನಾಲ್ಕು ಪಟ್ಟು. ಉಸಿರಿನ ದಮ್ಮು ಬೇಗ ಹೊಂದಿಕೊಳ್ಳುತ್ತೆ, ಸ್ನಾಯು ಸ್ವಲ್ಪ ನಿಧಾನ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುಬಂಧ ಎಲ್ಲಕ್ಕಿಂತ ನಿಧಾನ. ಅದಕ್ಕೇ ಮೊದಲ ವಾರ ಎಲ್ಲ ಚೆನ್ನಾಗಿದ್ದು ಎರಡನೇ ವಾರದಲ್ಲಿ ನೋವು ಶುರುವಾಗೋದು. ಹತ್ತು ವಾರ ಮುಂಚಿನಿಂದ ಎರಡು ವಾರಕ್ಕೊಂದು ಕ್ಲಾಸು ಹೆಚ್ಚಿಸಿಕೊಂಡು ಹೋಗಿ, ಕೊನೆಯ ವಾರ ಮಾತ್ರ ಅರ್ಧಕ್ಕೆ ಇಳಿಸಿ.

ಕೋರ್ಸುಗಳಲ್ಲಿ ಪದೇಪದೇ ಕಾಣುವ ಪೆಟ್ಟು ಮೂರು. ಮೊದಲನೆಯದು ಭುಜದ ಮುಂಭಾಗ. ಉಸಿರಿನ ಲಯಕ್ಕೆ ಆಸನದಿಂದ ಆಸನಕ್ಕೆ ಸಾಗುವ ವಿನ್ಯಾಸ ಶೈಲಿಯ ಒಂದು ಕ್ಲಾಸಿನಲ್ಲಿ 25 ಚತುರಂಗ ದಂಡಾಸನ (ದಂಡ ಹೊಡೆಯುವಾಗಿನಂತೆ ಮೊಣಕೈ ಮಡಿಸಿ ಮೈ ಕೆಳಗಿಳಿಸುವುದು) ಅಂತಿಟ್ಟುಕೊಂಡರೂ ವಾರಕ್ಕೆ 300. ಸುಸ್ತಾದಾಗ ಭುಜ ಮೊಣಕೈಗಿಂತ ಕೆಳಗೆ ಜಾರುತ್ತೆ, ಮೊಣಕೈ ಹೊರಗೆ ಅಗಲವಾಗುತ್ತೆ, ಭಾರವೆಲ್ಲ ಭುಜದ ಕೀಲಿನ ಮುಂದಕ್ಕೆ ಬೀಳುತ್ತೆ. ಭುಜ ಮೊಣಕೈ ಮಟ್ಟಕ್ಕೆ ಬಂದ ಕೂಡಲೇ ನಿಲ್ಲಿಸಿ. ಮಧ್ಯಾಹ್ನದ ಕ್ಲಾಸಿನಲ್ಲಿ ಮಂಡಿ ನೆಲಕ್ಕಿಟ್ಟು ಮಾಡಿ, ಯಾರೂ ಅಂಕ ಕಳೆಯಲ್ಲ.

ಎರಡನೆಯದು ಕೂರುವ ಮೂಳೆಯ ಹತ್ರ, ಬೆರಳಿಟ್ಟು ತೋರಿಸುವಷ್ಟು ಚಿಕ್ಕ ಜಾಗದಲ್ಲಿ ಬರುವ ನೋವು. ತೊಡೆಯ ಹಿಂಭಾಗದ ಸ್ನಾಯು ಮೂಳೆಗೆ ಅಂಟುವ ಜಾಗ ಅದು. ಜನ ಇದನ್ನು ಬಿಗಿತ ಅಂದುಕೊಂಡು ಪಶ್ಚಿಮೋತ್ತಾನಾಸನದಲ್ಲಿ ಇನ್ನಷ್ಟು ಎಳೀತಾರೆ. ಪೂರ್ತಿ ಮುಂದೆ ಬಗ್ಗಿದಾಗ ಆ ಸ್ನಾಯುಬಂಧ ಮೂಳೆಗೆ ಒತ್ತುತ್ತೆ, ಹಾಗಾಗಿ ಎಳೆದಷ್ಟೂ ಕೆಡುತ್ತೆ. ಮಂಡಿ ಮಡಿಸಿ ಬಗ್ಗಿ, ಆಳ ಕಡಿಮೆ ಮಾಡಿ, ಮಲಗಿ ಸೊಂಟ ಎತ್ತುವ ಸೇತುಬಂಧದಂಥ ಬಲ ಕೊಡುವ ಆಸನ ಸೇರಿಸಿ. ಅಲಕ್ಷ್ಯ ಮಾಡಿದರೆ ವಾಸಿಯಾಗೋಕೆ ತಿಂಗಳುಗಳೇ ಬೇಕು.

ಮೂರನೆಯದು ಮಂಡಿ. ಪದ್ಮಾಸನಕ್ಕೆ ತಿರುಗಬೇಕಾದ್ದು ಸೊಂಟದ ಕೀಲು. ಅಲ್ಲಿ ತಿರುಗದಿದ್ದರೆ ಕಾಲನ್ನು ಕೈಯಿಂದ ಎಳೆದಾಗ ಆ ತಿರುಚು ಮಂಡಿಗೆ ಹೋಗುತ್ತೆ. ಸೊಂಟದ ಮೂಳೆಯ ಆಕಾರವೇ ಒಬ್ಬೊಬ್ಬರಿಗೆ ಒಂದೊಂದು ಥರ, "ಅಭ್ಯಾಸ ಮಾಡಿದರೆ ಎಲ್ಲರಿಗೂ ಬರುತ್ತೆ" ಅನ್ನೋರ ಮಾತು ಕೇಳಬೇಡಿ. ಶಿಕ್ಷಕರು ಬಂದು ಮೇಲಿನಿಂದ ಒತ್ತಿದರೆ "ಬೇಡ" ಅನ್ನೋದು ನಿಮ್ಮ ಹಕ್ಕು. ಮುಟ್ಟಿ ತಿದ್ದುವ ಮುಂಚೆ ಒಪ್ಪಿಗೆ ಕೇಳುವ ಪದ್ಧತಿ ಶಾಲೆಯಲ್ಲಿದೆಯಾ, ದೂರು ಇದ್ದರೆ ಮುಖ್ಯ ಗುರುವನ್ನು ಬಿಟ್ಟು ಬೇರೆ ಯಾರಿಗೆ ಹೇಳಬೇಕು, ಇದನ್ನೂ ಮೊದಲೇ ಇಮೇಲ್‌ನಲ್ಲಿ ಕೇಳಿ ಇಟ್ಟುಕೊಳ್ಳಿ.

ಯಾರೂ ಹೇಳದ ಒಂದು ಮಾತು: ಆಸನಕ್ಕಿಂತ ಬೆನ್ನು ಸಾಯೋದು ಪಾಠ ಕೇಳುವಾಗ. ದಿನಕ್ಕೆ ನಾಲ್ಕು ಗಂಟೆ ನೆಲದ ಮೇಲೆ ಕೂತು ನೋಟ್ಸ್ ಬರೀಬೇಕು. ಈಗಿನಿಂದಲೇ ನೆಲದಲ್ಲಿ ಕೂತು ಕೆಲಸ ಮಾಡೋ ಅಭ್ಯಾಸ ಮಾಡಿ. ಅಲ್ಲಿ ಗೋಡೆ ಪಕ್ಕದ ಜಾಗ ಹಿಡೀರಿ, ಸೊಂಟ ಮಂಡಿಗಿಂತ ಮೇಲಿರುವ ಹಾಗೆ ಗಟ್ಟಿ ದಿಂಬು ಹಾಕಿಕೊಳ್ಳಿ.

ಮೊಹರು ಉತ್ತರ:

ವೀಸಾ: ಪ್ರವಾಸಿ ವೀಸಾದಲ್ಲಿ ಕೋರ್ಸು ಮಾಡಬಹುದಾ ಅನ್ನೋದು ದೇಶದಿಂದ ದೇಶಕ್ಕೆ ಬೇರೆ. ಶಾಲೆ ಹೇಳಿದ್ದನ್ನು ನಂಬಬೇಡಿ, ಆ ದೇಶದ ರಾಯಭಾರ ಕಚೇರಿಯ ವೆಬ್‌ಸೈಟು ನೋಡಿ. ಕೋರ್ಸಿನ ಹೆಸರು, ತಾರೀಕು, ಉಳಿಯುವ ವಿಳಾಸ ಇರುವ ಪತ್ರ ಶಾಲೆಯಿಂದ ತರಿಸಿಕೊಳ್ಳಿ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳಾದರೆ ಯಾವುದೇ 180 ದಿನದ ಅವಧಿಯಲ್ಲಿ 90 ದಿನ ಮೀರುವಂತಿಲ್ಲ, ಹಿಂದಿನ ಪ್ರವಾಸದ ದಿನಗಳೂ ಲೆಕ್ಕಕ್ಕೆ ಬರುತ್ತವೆ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ.

ಜನ ಹೆಚ್ಚು ಸಿಕ್ಕಿಬೀಳೋದು ಕೋರ್ಸು ಮುಗಿದ ಮೇಲೆ. "ಇಲ್ಲೇ ಇರಿ, ಬೆಳಗ್ಗೆ ಒಂದು ಕ್ಲಾಸು ತಗೊಳ್ಳಿ, ಊಟ ರೂಮು ನಮ್ಮದು" ಅಂತಾರೆ. ಸಂಬಳ ಇಲ್ಲದಿದ್ದರೂ ಇದು ಬಹಳಷ್ಟು ದೇಶಗಳಲ್ಲಿ ಕೆಲಸವೇ. ಪ್ರವಾಸಿ ವೀಸಾದಲ್ಲಿ ಮಾಡಿ ಸಿಕ್ಕಿದರೆ ಗಡೀಪಾರು ಆಗೋದು ನೀವು, ಶಾಲೆ ಅಲ್ಲ. ಪಾಸ್‌ಪೋರ್ಟನ್ನು ಶಾಲೆಯವರ ಬೀರುವಿನಲ್ಲಿಡಲು ಕೊಡಬೇಡಿ, ನಕಲು ಪ್ರತಿ ಕೊಟ್ಟರೆ ಸಾಕು.

ಹಣ: ಅಡ್ವಾನ್ಸ್ ಮಾತ್ರ ಕಟ್ಟಿ. ವೀಸಾ ಸಿಗದಿದ್ದರೆ, ಬ್ಯಾಚ್ ರದ್ದಾದರೆ, ಮಧ್ಯದಲ್ಲಿ ಕಾಯಿಲೆ ಬಿದ್ದರೆ ಎಷ್ಟು ವಾಪಸ್ ಅನ್ನೋದು ಲಿಖಿತವಾಗಿರಲಿ. ಪ್ರಯಾಣ ವಿಮೆಯಲ್ಲಿ ಕ್ರೀಡೆ, ತರಬೇತಿಗೆ ಸಂಬಂಧಿಸಿದ ಗಾಯವನ್ನು ಹೊರಗಿಟ್ಟಿದ್ದಾರಾ ಓದಿ. ಮುಂದೆ ಕಲಿಸುವಾಗ ಬೇಕಾಗುವ ವೃತ್ತಿ ವಿಮೆ ಬೇರೆಯೇ. ಈ ಸರ್ಟಿಫಿಕೇಟನ್ನು ಒಪ್ಪುತ್ತೀರಾ ಅಂತ ವಿಮೆ ಕಂಪನಿಗೆ ಈಗಲೇ ಕೇಳಿ.

ಹಳೆಕಂಬ ಉತ್ತರ:

ಎಲ್ಲರೂ 21ಓ 28ಓ ಅಂತ ಹೇಳ್ತಿದ್ದಾರೆ. ಅದಕ್ಕೂ ಮುಂಚಿನ ಪ್ರಶ್ನೆ, ಕಲಿಸೋದು ಯಾವ ದೇಶದಲ್ಲಿ, ಯಾವ ಶೈಲಿಯಲ್ಲಿ? 200 ಗಂಟೆ ಅನ್ನೋದು ಅಮೆರಿಕದ ಅಳತೆ, ಜಗತ್ತಿನ ನಿಯಮ ಅಲ್ಲ. ಯೋಗ ಆಸ್ಟ್ರೇಲಿಯಾ ಅನ್ನೋ ಅಲ್ಲಿನ ಸಂಸ್ಥೆಯ ಲೆವೆಲ್ 1 ನೋಂದಣಿಗೇ 350 ಗಂಟೆ ಬೇಕು. ಯುರೋಪಿಯನ್ ಯೂನಿಯನ್ ಆಫ್ ಯೋಗದ ಪಠ್ಯಕ್ರಮ ನಾಲ್ಕು ವರ್ಷಕ್ಕೆ ಹರಡಿದ 500 ಗಂಟೆ. ಭಾರತದಲ್ಲಿ ಆಯುಷ್ ಸಚಿವಾಲಯದ ಯೋಗ ಪ್ರಮಾಣೀಕರಣ ಮಂಡಳಿಯ ಪರೀಕ್ಷೆ ಬೇರೆಯೇ, ಅಲ್ಲಿ ಅಲಯನ್ಸ್‌ನ ನೋಂದಣಿ ಅದರ ಬದಲಿಗೆ ನಡೆಯಲ್ಲ. ಬಿ.ಕೆ.ಎಸ್. ಅಯ್ಯಂಗಾರ್ ಯೋಗ ಪದ್ಧತಿಯಲ್ಲಿ ಒಂದು ತಿಂಗಳಲ್ಲಿ ಶಿಕ್ಷಕರಾಗುವ ದಾರಿಯೇ ಇಲ್ಲ, ವರ್ಷಗಟ್ಟಲೆ ಒಬ್ಬ ಅರ್ಹ ಗುರುವಿನ ಹತ್ರ ಕಲಿತು ಪರೀಕ್ಷೆಗೆ ಹೋಗಬೇಕು.

ಹಾಗಂತ ನಾಲ್ಕು ವಾರದ್ದೆಲ್ಲ ಮೊನ್ನೆ ಮೊನ್ನೆ ಹುಟ್ಟಿದ ವ್ಯಾಪಾರ ಅಂತಲೂ ಅಲ್ಲ. ಸ್ವಾಮಿ ವಿಷ್ಣುದೇವಾನಂದರು ಶಿವಾನಂದ ಪರಂಪರೆಯ ಶಿಕ್ಷಕರ ತರಬೇತಿ ಶುರು ಮಾಡಿದ್ದು 1969ರಲ್ಲೇ, ಈಗಲೂ ಅದು ನಾಲ್ಕು ವಾರದ್ದೇ. ಬೆಳಗಿನ ಸತ್ಸಂಗ, ದಿನಕ್ಕೆ ಎರಡೇ ಊಟ, ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಕರ್ಮಯೋಗ ಅಂತ ಒಂದು ಕೆಲಸ, 12 ಮೂಲ ಆಸನ. ಶಿಸ್ತು ಇಷ್ಟ ಇಲ್ಲದವರಿಗೆ ಇದು ಮೂರನೇ ದಿನಕ್ಕೇ ಉಸಿರುಗಟ್ಟಿಸುತ್ತೆ. ಶೈಲಿ ನೋಡದೆ ಜಾಗ ನೋಡಿ ಹೋದರೆ ಆಗೋದು ಇದೇ.

ಚಾಪೆಯಂಚು:

ಎಲ್ಲರಿಗೂ ಧನ್ಯವಾದ. ಟೈಮ್‌ಟೇಬಲ್ ಕೇಳಿದ್ದಕ್ಕೆ 21 ದಿನದವರೇ ಮೊದಲು ಕಳಿಸಿದರು. ಬೆಳಗ್ಗೆ 6.30ರಿಂದ ಸಂಜೆ 7.30, ಮಧ್ಯೆ ಊಟ ತಿಂಡಿ ವಿಶ್ರಾಂತಿ ಮೂರೂವರೆ ಗಂಟೆ. ಮುಂಚೆ 35 ಗಂಟೆ ಆನ್‌ಲೈನ್. ಕೊನೆಯ ಪರೀಕ್ಷೆ: ಮೂವರು ಸೇರಿ 45 ನಿಮಿಷದ ಒಂದು ಕ್ಲಾಸು. ಪಾಠ ಎಲ್ಲ ಇಂಗ್ಲಿಷಿನಲ್ಲಿ. ಆಮೇಲೆ ಕನ್ನಡದಲ್ಲಿ ಕಲಿಸಬೇಕೆಂದಿದೆ, ಅದೇನಾದರೂ ತೊಡಕಾ?

ಗಂಟೆಲೆಕ್ಕ:

ಒಂಬತ್ತೂವರೆಯನ್ನು 18ರಿಂದ ಗುಣಿಸಿದರೆ 171, ಅದಕ್ಕೆ 35 ಸೇರಿದರೆ 206. ಗಂಟೆ ಸರಿಯಾಗಿದೆ, ಪ್ರಾಮಾಣಿಕರು. ಕೊರತೆ ಇರೋದು ಕೊನೆಯ ಪರೀಕ್ಷೆಯಲ್ಲಿ. ಹದಿನೈದು ನಿಮಿಷ ಒಬ್ಬರು ಆಸನ ಹೇಳಿಬಿಡಬಹುದು. ಸಮಯ ಹಂಚೋದು, ಮಧ್ಯದಲ್ಲಿ ಯಾರಿಗೋ ಮಂಡಿ ನೋವು ಅಂದಾಗ ಕ್ಲಾಸು ನಿಲ್ಲಿಸದೆ ಬೇರೆ ಆಸನ ಕೊಡೋದು, ಶವಾಸನಕ್ಕೆ ಐದು ನಿಮಿಷ ಉಳಿಸಿಕೊಳ್ಳೋದು, ಇವೆಲ್ಲ ಪೂರ್ತಿ ಕ್ಲಾಸಿನಲ್ಲೇ ಬರಬೇಕು. ರಜೆಯ ದಿನ ಸಹಪಾಠಿಗಳನ್ನು ಕೂರಿಸಿಕೊಂಡು 60 ನಿಮಿಷದ ಎರಡು ಕ್ಲಾಸು ತಗೊಳ್ಳೋಕೆ ಹಾಲ್ ಕೊಡ್ತೀರಾ ಕೇಳಿ. ಕೊಟ್ಟರೆ 21ರದ್ದೇ ಸಾಕು.

ಭಾಷೆಯ ತೊಡಕು ಖಂಡಿತ ಇದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲು ಬರುತ್ತೆ, ಕೇಳಿದ ತಕ್ಷಣ ಜನ ಅಲುಗಾಡ್ತಾರೆ. ಕನ್ನಡದಲ್ಲಿ ಅದು ಕೊನೆಗೆ. "ನಿಮ್ಮ ಬಲಗಾಲನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡು ಹೋಗಿ ಇಡಿ" ಅಂದರೆ ವಾಕ್ಯ ಮುಗಿಯುವಷ್ಟರಲ್ಲಿ ಉಸಿರು ಮುಗಿದಿರುತ್ತೆ, ಅರ್ಧ ಜನ ಪಕ್ಕದವರನ್ನು ನೋಡ್ತಿರ್ತಾರೆ. ಕ್ರಿಯಾಪದ ಬಿಟ್ಟುಬಿಡಿ: "ಉಸಿರು ಬಿಡುತ್ತಾ, ಬಲಗಾಲು ಹಿಂದಕ್ಕೆ." ಉಸಿರು, ಅಂಗ, ದಿಕ್ಕು, ಅಷ್ಟೇ. ಕಾಲು ಇಟ್ಟಾದ ಮೇಲೆ ತಿದ್ದುಪಡಿ ಒಂದೊಂದೇ: "ಹಿಮ್ಮಡಿ ಒತ್ತಿ." "ಮುಂದಿನ ಮಂಡಿ ಹೊರಕ್ಕೆ." ಎದುರು ನಿಂತು ಮಾಡಿ ತೋರಿಸುವಾಗ ಬಾಯಲ್ಲಿ "ಬಲಗಾಲು", ಇಡೋದು ನಿಮ್ಮ ಎಡಗಾಲು, ಕನ್ನಡಿಯ ಹಾಗೆ. ಮೊದಲ ಹತ್ತು ಕ್ಲಾಸು ಇದು ತಪ್ಪೇ ತಪ್ಪುತ್ತೆ. ಸೂರ್ಯನಮಸ್ಕಾರದ 12 ಹೆಜ್ಜೆಯನ್ನು ಹೀಗೆ ಕನ್ನಡದಲ್ಲಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಅದನ್ನೇ ಹಾಕಿಕೊಂಡು ನೀವೇ ಮಾಡಿ ನೋಡಿ. ಎಲ್ಲಿ ನಿಮ್ಮ ಉಸಿರು ಮಾತಿಗಾಗಿ ಕಾಯುತ್ತೋ ಅಲ್ಲಿ ಪದ ಜಾಸ್ತಿಯಾಗಿದೆ, ಕತ್ತರಿಸಿ.